ತಪ್ಪಿಸಿಕೊಂಡ ಮೀನಿಗೆ ಹತ್ತು ರೂಪಾಯಿ

ಓದುಗರ ಪ್ರಶ್ನೆ, ಕಾರವಾರದ ಉತ್ತರ

ಹಿಂದಿನ ಸಂಚಿಕೆಯಲ್ಲಿ ಅಂಚೆ ಕಚೇರಿಯ ಉಳಿತಾಯ ಖಾತೆಗಳ ಬಗ್ಗೆ ಎರಡು ಪುಟ ಬರೆದು, ಜಾಗ ಉಳಿಯಿತೆಂದು ಕೊನೆಗೆ ನಾಲ್ಕು ಸಾಲು ಮಾಜಾಳಿ ದಡದ ಗಾಳದ ಸ್ಪರ್ಧೆಯ ಬಗ್ಗೆ ಸೇರಿಸಿದ್ದೆ. ಕಾರವಾರ, ಅಂಕೋಲಾ, ಕುಮಟಾಗಳ ಮೂರು ಹವ್ಯಾಸಿ ತಂಡಗಳು ಡಿಸೆಂಬರಿನ ಒಂದು ಭಾನುವಾರ ಒಟ್ಟಾಗಿ, ಅಲೆಗೆ ಗಾಳ ಬೀಸಿ, ದೂರದ ಆಸ್ಪತ್ರೆಗೆ ಹೋಗಬೇಕಾದ ಬಡ ರೋಗಿಗಳ ದಾರಿಖರ್ಚಿಗೆ ಹಣ ಕೂಡಿಸಿದವು, ನಾನು ಅಲ್ಲಿ ಮೀನು ಅಳೆಯಲು ಕುಳಿತಿದ್ದೆ ಎಂದಷ್ಟೇ ಇತ್ತು. ಉಳಿತಾಯದ ಬಗ್ಗೆ ಒಂದು ಪತ್ರವೂ ಬರಲಿಲ್ಲ. ಮೀನಿನ ಬಗ್ಗೆ ಬಂದ ಪತ್ರಗಳಿಗೆ ರಬ್ಬರ್ ಬ್ಯಾಂಡ್ ಸಾಲಲಿಲ್ಲ. 34 ವರ್ಷ ಅಂಚೆ ಕೌಂಟರಿನಲ್ಲಿ ಕುಳಿತವಳಿಗೆ, ಜನ ಯಾವ ಲಕೋಟೆಯನ್ನು ಮೊದಲು ಒಡೆಯುತ್ತಾರೆ ಎಂಬುದು ತಿಳಿದಿರಬೇಕಿತ್ತು. ಈ ತಿಂಗಳು ಮೀನು ಬಿಟ್ಟು ಬೇರೆ ಮಾತಿಲ್ಲ.

ಪ್ರಶ್ನೆ: ಅಕ್ಕನವರೇ, ನಮ್ಮ ಯಜಮಾನರು ಭಾನುವಾರ ನಸುಕಿನಲ್ಲೇ ಎದ್ದು ಹನ್ನೆರಡು ಅಡಿಯ ಕೋಲು ಹಿಡಿದು ಹೊರಡುತ್ತಾರೆ. ಮಧ್ಯಾಹ್ನ ಸುಟ್ಟ ಮುಖ ಮತ್ತು ಒಂದು ನೊಗ್ಲಿ ಮೀನು ತರುತ್ತಾರೆ. ಪೆಟ್ರೋಲಿಗೇ ಮುನ್ನೂರು ರೂಪಾಯಿ. ಕೇಳಿದರೆ ‘ಇದು ಧರ್ಮಕಾರ್ಯದ ತಾಲೀಮು’ ಎನ್ನುತ್ತಾರೆ. ಆ ಮುನ್ನೂರನ್ನೇ ನೇರವಾಗಿ ಪೆಟ್ಟಿಗೆಗೆ ಹಾಕಿದರೆ ಧರ್ಮವಾಗುವುದಿಲ್ಲವೇ?
— ‘ಬೇಸತ್ತವಳು’, ಕುಮಟಾ

ಆಗುತ್ತದೆ. ಆದರೆ ಹಾಕುತ್ತಾರೆಯೇ, ಕೇಳಿ ನೋಡಿ.

ನಾನೂ ಮೊದಲು ನಿಮ್ಮ ಹಾಗೆಯೇ ಯೋಚಿಸಿದವಳು. ಮೊದಲ ಸಲ ನನ್ನನ್ನು ಅಳತೆಗೆ ಕರೆದಾಗ ‘ಇಷ್ಟೆಲ್ಲ ಗಲಾಟೆ ಏಕೆ, ತಲೆಗೆ ಐನೂರು ಎತ್ತಿಬಿಡಿ’ ಎಂದಿದ್ದೆ. ಎತ್ತಿದರು. ಕಳೆದ ಸಲ ಪ್ರವೇಶ ಶುಲ್ಕವೆಂದು ತಂಡಕ್ಕೆ ಆರು ಜನರಂತೆ 18 ಜನರಿಂದ 9,000 ರೂಪಾಯಿ ಬಂತು. ಆಮೇಲಿನದು ನನಗೆ ಹೊಳೆಯದೇ ಇದ್ದ ಉಪಾಯ. ತಂಡದ ಹುಡುಗರು ಪೇಟೆಯಲ್ಲಿ ಅಂಗಡಿ ಅಂಗಡಿಗೆ ಹೋಗಿ, ‘ನಾವು ಹಿಡಿಯುವ ಮೀನಿನ ಒಂದೊಂದು ಸೆಂಟಿಮೀಟರಿಗೆ ನೀವು ಎಷ್ಟು ಕೊಡುತ್ತೀರಿ?’ ಎಂದು ಕೇಳಿದರು. ಕಿರಾಣಿ ಅಂಗಡಿಯವರು ಎರಡು ರೂಪಾಯಿ ಎಂದರು, ಔಷಧಿ ಅಂಗಡಿಯವರು ಐದು ಎಂದರು. ‘ನಿಮಗೆಲ್ಲಿ ಮೀನು ಸಿಗುತ್ತದೆ, ಬರೆದುಕೊಳ್ಳಿ ಹತ್ತು’ ಎಂದು ನಕ್ಕವರೂ ಇದ್ದರು. ಹೀಗೆ ಎಲ್ಲ ಮಾತುಗಳನ್ನೂ ಕೂಡಿಸಿದಾಗ ಸೆಂಟಿಮೀಟರಿಗೆ 74 ರೂಪಾಯಿ ಆಯಿತು. ಅಂದು ಸಿಕ್ಕಿದ್ದು 19 ಮೀನು, ಎಲ್ಲವನ್ನೂ ಸಾಲಾಗಿ ಮಲಗಿಸಿದರೆ 412 ಸೆಂಟಿಮೀಟರ್. 412ನ್ನು 74ರಿಂದ ಗುಣಿಸಿ, ತಾಯಿ: 30,488 ರೂಪಾಯಿ. ನಕ್ಕವರು ಸೋಮವಾರ ಬೆಳಿಗ್ಗೆ 4,120 ಎಣಿಸಿ ಕೊಟ್ಟರು. ದೇಣಿಗೆ ಎಂದು ಕೇಳಿದ್ದರೆ ಅವರ ಕೈಯಿಂದ ನೂರರ ಮೇಲೆ ಒಂದು ನೋಟು ಏಳುತ್ತಿರಲಿಲ್ಲ. ಅವರು ನಮ್ಮೂರಿನವರೇ, ನನಗೆ ಗೊತ್ತು.

ಇನ್ನೊಂದು ಮಾತು ಇದೆ. ನನ್ನ ಅಪ್ಪ ಮಾಜಾಳಿಯಲ್ಲಿ ರಂಪಣಿಯ ಹಗ್ಗ ಎಳೆದವರು. ರಂಪಣಿ ಎಂದರೆ ಈಗಿನ ಮಕ್ಕಳಿಗೆ ತಿಳಿಯದು. ದಡದಿಂದ ಬಿಡುವ ಬಲು ಉದ್ದದ ಬಲೆ ಅದು. ಬಂಗಡೆಯ ಹಿಂಡು ದಡದ ಹತ್ತಿರ ಬಂದು ನೀರಿನ ಬಣ್ಣ ತಿರುಗಿತೆಂದರೆ ದೋಣಿಯವರು ಹಿಂಡನ್ನು ಅರ್ಧಚಂದ್ರವಾಗಿ ಸುತ್ತುವರಿದು ಬಲೆ ಬಿಡುತ್ತಿದ್ದರು. ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯಲು ಹತ್ತಾರು ಕೈ ಬೇಕು. ಬಲೆಯ ಒಡೆಯರಿಗೆ ಇಷ್ಟು ಪಾಲು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಮರಳಿನ ಮೇಲೇ ಹಂಚಿಕೆ. ಆದರೆ ನಾನು ನೋಡುತ್ತಿದ್ದದ್ದು ಲೆಕ್ಕದ ಹೊರಗಿನವರನ್ನು. ಗಂಡ ಹಾಸಿಗೆ ಹಿಡಿದ ಒಬ್ಬ ಹೆಂಗಸು ಬಂದು ಹಗ್ಗದ ಬಾಲಕ್ಕೆ ಸುಮ್ಮನೆ ಕೈ ತಾಗಿಸಿ ನಿಲ್ಲುತ್ತಿದ್ದಳು. ಅವಳು ಎಳೆದದ್ದು ಏನೂ ಇಲ್ಲ. ಆದರೂ ಅವಳ ಬುಟ್ಟಿಗೆ ಮೀನು ಬೀಳುತ್ತಿತ್ತು. ಅದು ಭಿಕ್ಷೆಯಲ್ಲ, ಹಗ್ಗ ಮುಟ್ಟಿದ್ದಾಳಲ್ಲ, ಅದು ಅವಳ ಪಾಲು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು, ಹಿಂಡನ್ನು ದಡಕ್ಕೆ ಬರುವ ಮೊದಲೇ ಸಮುದ್ರದ ಮಧ್ಯದಲ್ಲಿ ಸುತ್ತಿ ಎತ್ತತೊಡಗಿದವು. ರಂಪಣಿ ಕಳೆಗುಂದಿತು. ಅದರ ಜೊತೆ ಆ ಹೆಂಗಸಿನಂಥವರ ಪಾಲೂ ಹೋಯಿತು.

ಈ ಗಾಳದ ಹುಡುಗರ ಆಟದಲ್ಲಿ ನನಗೆ ಆ ಹಗ್ಗದ ಬಾಲ ಕಾಣುತ್ತದೆ. ದೇಣಿಗೆ ಕೊಡುವಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ‘ಭಾನುವಾರದ ಮೀನಿನಲ್ಲಿ ನಿಮ್ಮ ಪಾಲು’ ಎಂದು ಬಸ್ಸಿನ ಹಣ ಕೊಟ್ಟರೆ ಡಯಾಲಿಸಿಸ್‌ಗೆ ಹೋಗುವ ಮುದುಕರು ತಲೆ ತಗ್ಗಿಸದೆ ತೆಗೆದುಕೊಳ್ಳುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಪ್ರತಿ ಭಾನುವಾರವೂ ತಾಲೀಮು ಬೇಕೆಂದು ನಾನು ಹೇಳುತ್ತಿಲ್ಲ. ತಿಂಗಳಿಗೆ ಎರಡು ಸಾಕು. ಈ ಪುಟ ಅವರ ಕಣ್ಣಿಗೆ ಬೀಳುವ ಹಾಗೆ ಟೀಪಾಯಿಯ ಮೇಲಿಡಿ.

ಪ್ರಶ್ನೆ: ನಾನು ಹೊಳೆಯಲ್ಲಿ ಗಾಳ ಹಾಕಿದವನು, ಸಮುದ್ರಕ್ಕೆ ಹೊಸಬ. ಮುಂದಿನ ಸ್ಪರ್ಧೆಗೆ ಸೇರಬೇಕೆಂದಿದ್ದೇನೆ. ಏನೇನು ಕೊಳ್ಳಬೇಕು?
— ‘ಗಾಳಕ್ಕೆ ಹೊಸಬ’, ಅಂಕೋಲಾ

ಕೊಳ್ಳುವುದಕ್ಕೆ ಮೊದಲು ಒಂದು ಇಳಿತದ ಹೊತ್ತಿನಲ್ಲಿ ದಡಕ್ಕೆ ಹೋಗಿ ಬರಿಗೈಯಲ್ಲಿ ನಿಂತು ನೋಡಿ. ನೀರು ಇಳಿದಾಗ ಮರಳಿನ ದಿಬ್ಬಗಳೂ ಅವುಗಳ ನಡುವಿನ ತಗ್ಗುಗಳೂ ಎಲ್ಲಿವೆ ಎಂದು ಕಾಣುತ್ತದೆ. ಉಬ್ಬರ ಬಂದಾಗ ಮೀನು ಮೇಯುವುದು ಆ ತಗ್ಗುಗಳಲ್ಲಿ. ಗುರುತಿಗೆ ಹಿಂದಿನ ತೆಂಗಿನ ಮರವನ್ನೋ ಕರೆಂಟ್ ಕಂಬವನ್ನೋ ಇಟ್ಟುಕೊಳ್ಳಿ. ಹೊಸಬರೆಲ್ಲ ತೋಳು ಕಳಚುವ ಹಾಗೆ ದೂರ ಎಸೆಯುತ್ತಾರೆ. ನೊಗ್ಲಿ ಎಷ್ಟೋ ಸಲ ಅವರ ಮೊಣಕಾಲ ಮುಂದೆಯೇ ಮರಳು ಕೆದಕುತ್ತಿರುತ್ತದೆ.

ಹೊಳೆಗೂ ಇದಕ್ಕೂ ಇರುವ ವ್ಯತ್ಯಾಸ ಅಲೆ. ಅಲೆ ದಾರವನ್ನು ಎಳೆಯುತ್ತದೆ, ಭಾರಕ್ಕೆಂದು ದಾರಕ್ಕೆ ಕಟ್ಟಿದ ಸೀಸವನ್ನು ಉರುಳಿಸುತ್ತದೆ. ಹನ್ನೆರಡು ಹದಿಮೂರು ಅಡಿಯ ಕೋಲು ದೂರ ಎಸೆಯುವುದಕ್ಕೆ ಮಾತ್ರವಲ್ಲ, ಒಡೆಯುವ ಅಲೆಯ ಮೇಲೆ ದಾರವನ್ನು ಎತ್ತಿ ಹಿಡಿಯುವುದಕ್ಕೂ ಬೇಕು. ಸೀಸ 100ರಿಂದ 150 ಗ್ರಾಂ, ತಂತಿಯ ಕಾಲುಗಳಿರುವ ಬಗೆಯದಾದರೆ ಮರಳನ್ನು ಕಚ್ಚಿಕೊಂಡು ನಿಲ್ಲುತ್ತದೆ. ರೀಲಿನ ದಾರ ತೆಳುವಾಗಿರಲಿ, ಆದರೆ ತುದಿಯಲ್ಲಿ ಕೋಲಿನ ಎರಡರಷ್ಟು ಉದ್ದಕ್ಕೆ ದಪ್ಪ ದಾರ ಕಟ್ಟಲೇಬೇಕು. 100 ಗ್ರಾಂ ಸೀಸಕ್ಕೆ ಸುಮಾರು 16 ಕಿಲೋ ತಡೆಯುವ ದಾರ ಎಂಬುದು ನಡೆದು ಬಂದ ಲೆಕ್ಕ. ಎಸೆಯುವ ಭರಕ್ಕೆ ತೆಳು ದಾರ ಹರಿದರೆ ಆ ಸೀಸ ಬಂದೂಕಿನ ಗುಂಡು. ಪಕ್ಕದಲ್ಲಿ ನಿಂತವನ ತಲೆಗೆ ದಾನಧರ್ಮ ತಿಳಿಯುವುದಿಲ್ಲ. ಎರೆಗೆ ತಾಜಾ ಸೀಗಡಿ ಸಾಕು. ಇಳಿತದಲ್ಲಿ ಹೆಕ್ಕಿದ ಬೆಳಚಿನ, ಅಂದರೆ ಕಪ್ಪೆಚಿಪ್ಪಿನ, ಮಾಂಸ ಇನ್ನೂ ಒಳ್ಳೆಯದು, ಮೀನಿಗೆ ದಿನವೂ ಸಿಗುವ ಊಟವೇ ಅದು.

ಸುತ್ತ ಬಿಳಿ ನೊರೆ ಇದ್ದು ನಡುವೆ ಒಂದು ಓಣಿಯಷ್ಟು ಅಗಲ ಅಲೆ ಒಡೆಯದೆ ನೀರು ಕಪ್ಪಾಗಿ, ಶಾಂತವಾಗಿ ಕಂಡರೆ ಗಾಳದವರು ಹಿಗ್ಗುತ್ತಾರೆ. ಆಳವಿದೆ, ಮೀನಿದೆ. ಆದರೆ ದಡಕ್ಕೆ ಬಂದ ನೀರೆಲ್ಲ ಸಮುದ್ರಕ್ಕೆ ಮರಳುವ ದಾರಿಯೂ ಅದೇ. ಘಟ್ಟದ ಮೇಲಿನಿಂದ, ಬಯಲುಸೀಮೆಯಿಂದ ಬಂದವರು ‘ಇಲ್ಲಿ ಅಲೆ ಇಲ್ಲ’ ಎಂದು ಇಳಿಯುವುದೂ ಅಲ್ಲಿಯೇ. ಸೊಂಟದ ಮಟ್ಟ ದಾಟಬೇಡಿ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ಹೊರಡಿ, ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕಾಲಿಡಿ, ಆ ವಿಷ ಶಾಖಕ್ಕೆ ಕೆಡುತ್ತದೆ. ನೋವು ಇಳಿಯಿತೆಂದು ಮನೆಗೆ ಹೋಗದೆ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಹೆಂಗಸರು ಗಾಳ ಹಾಕಬಹುದೇ?
— ಕಾಲೇಜು ವಿದ್ಯಾರ್ಥಿನಿ, ಭಟ್ಕಳ

ಹಾಕಿ. ದಾರದ ಆ ತುದಿಯಲ್ಲಿ ಯಾರಿದ್ದಾರೆಂದು ಮೀನಿಗೆ ಗೊತ್ತಾಗುವುದಿಲ್ಲ. ಈ ತುದಿಯವರಿಗೆ ಗೊತ್ತಾಗಿ ಏನಾದರೂ ಅಂದರೆ ನನಗೆ ಬರೆಯಿರಿ.

ಪ್ರಶ್ನೆ: ಜೀವನವಿಡೀ ತಕ್ಕಡಿ ಹಿಡಿದ ನೀವು ಮೀನನ್ನು ತೂಗದೆ ಅಳೆಯುವುದೇಕೆ? ಕುಮಟಾ ತಂಡದವರು ಎಲ್ಲಕ್ಕಿಂತ ದೊಡ್ಡ ಮೀನು ಹಿಡಿದೂ ಕೊನೆಯ ಸ್ಥಾನಕ್ಕೆ ಬಂದರಂತೆ. ಇದು ಯಾವ ನ್ಯಾಯ?
— ‘ದಡದ ಪ್ರೇಕ್ಷಕ’, ಕುಮಟಾ

ತಕ್ಕಡಿಯನ್ನು ಚೆನ್ನಾಗಿ ಬಲ್ಲವಳಾದ್ದರಿಂದಲೇ ಬೇಡವೆಂದೆ. ಕೌಂಟರಿನಲ್ಲಿದ್ದಾಗ ಮಾವಿನ ಹಣ್ಣಿನ ಪಾರ್ಸೆಲ್ ಒಂದು ಬೆಳಿಗ್ಗೆ ಒಂದು ತೂಕ, ರಸ ಸೋರಿ ಸಂಜೆ ಇನ್ನೊಂದು ತೂಕ ತೋರಿಸಿ ನನ್ನ ಮಾನ ಕಳೆದಿತ್ತು. ಮೀನೂ ಹಾಗೆಯೇ. ಬಿಸಿಲಿಗೆ ಒಣಗಿದರೆ ಹಗುರ, ಮರಳು ಮೆತ್ತಿದರೆ ಭಾರ. ಕಡಲ ಗಾಳಿಗೆ ತೂಗುತಕ್ಕಡಿಯ ಮುಳ್ಳು ನಿಲ್ಲುವುದೇ ಇಲ್ಲ. ತೂಗಬೇಕೆಂದರೆ ಮೀನನ್ನು ನನ್ನ ಮೇಜಿನವರೆಗೆ ಹೊತ್ತು ತರಬೇಕು, ಬರುವಷ್ಟರಲ್ಲಿ ಅದು ಸತ್ತಿರುತ್ತದೆ. ಅಳೆಯುವುದಾದರೆ ಹಿಡಿದಲ್ಲಿಯೇ ಒದ್ದೆ ಹಲಗೆಯ ಮೇಲೆ ಮಲಗಿಸಿ, ಮೂತಿಯಿಂದ ಬಾಲದ ತುದಿಯವರೆಗೆ ಗೆರೆ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದು, ನೀರಿಗೆ ಬಿಟ್ಟುಬಿಡಬಹುದು.

ಮೋಸದ ಮಾತೂ ಇದೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಓಹಾಯೊದಲ್ಲಿ, ಈರಿ ಸರೋವರದ ಒಂದು ಸ್ಪರ್ಧೆಯಲ್ಲಿ, ಗೆಲ್ಲಲಿದ್ದ ಇಬ್ಬರ ಮೀನು ನೋಡಲು ಇದ್ದದ್ದಕ್ಕಿಂತ ವಿಪರೀತ ಭಾರ ತೂಗಿತು. ಅಲ್ಲಿಯ ಮುಖ್ಯಸ್ಥರು ಎಲ್ಲರ ಎದುರಿಗೇ ಹೊಟ್ಟೆ ಸೀಳಿದರೆ ಒಳಗೆ ಸೀಸದ ಗುಂಡುಗಳು, ಬೇರೆ ಮೀನಿನ ತುಂಡುಗಳು. ಪಣಕ್ಕಿದ್ದದ್ದು ಸಾವಿರಾರು ಡಾಲರ್. ಮರುವರ್ಷ ಇಬ್ಬರಿಗೂ ಹತ್ತು ದಿನಗಳ ಜೈಲಾಯಿತು. ನಮ್ಮಲ್ಲಿ ಬಹುಮಾನ ಒಂದು ಪೊಟ್ಟಣ ಗೋಡಂಬಿ, ಅದಕ್ಕಾಗಿ ಯಾರೂ ಸೀಸ ನುಂಗಿಸಲಾರರು. ಆದರೂ ದೊಡ್ಡ ಬಹುಮಾನ ಇಡೋಣ ಎಂದು ಯಾರಾದರೂ ಎದ್ದರೆ ನಾನು ಈ ಕಥೆ ಹೇಳಿ ಕೂರಿಸುತ್ತೇನೆ.

ಇನ್ನು ಕುಮಟಾದ ಸೋಲು. 46 ಸೆಂಟಿಮೀಟರಿನ ಆ ಕಲ್ಲೂರು ಮೀನನ್ನು ನಾನೇ ಅಳೆದೆ, ಅದಕ್ಕೆ ಚಪ್ಪಾಳೆಯೂ ಸಿಕ್ಕಿತು. ಆದರೆ ತಂಡದ ಗೆಲುವನ್ನು ಒಬ್ಬರ ಅದೃಷ್ಟದ ಮೇಲೆ ಬಿಡುವುದಿಲ್ಲ. ದಡವನ್ನು ಆರು ಭಾಗ ಮಾಡಿ, ಒಂದೊಂದು ಭಾಗದಲ್ಲಿ ಮೂರೂ ತಂಡಗಳಿಂದ ಒಬ್ಬೊಬ್ಬರನ್ನು ಚೀಟಿ ಎತ್ತಿ ನಿಲ್ಲಿಸುತ್ತೇವೆ. ಆ ಭಾಗದಲ್ಲಿ ಮೊದಲಿಗರಿಗೆ 1, ಎರಡನೆಯವರಿಗೆ 2, ಮೂರನೆಯವರಿಗೆ 3. ಇಬ್ಬರೂ ಬರಿಗೈಯಾದರೆ ಎರಡೂವರೆ, ಎರಡೂವರೆ. ಕೊನೆಗೆ ಯಾರ ಮೊತ್ತ ಕಡಿಮೆಯೋ ಅವರು ಗೆದ್ದರು. ಅಂಕೋಲಾ 10.5, ಕಾರವಾರ 11.5, ಕುಮಟಾ 14. ಕೂಡಿಸಿ ನೋಡಿ, 36 ಬರಬೇಕು, ಬರುತ್ತದೆ. ದೇಶ ದೇಶಗಳ ನಡುವಿನ ದಡದ ಗಾಳದ ಪಂದ್ಯಗಳಲ್ಲೂ ಭಾಗವಾರು ಸ್ಥಾನ ಕೂಡಿಸುವ ಈ ಕ್ರಮವೇ ನಡೆಯುತ್ತದೆ. ಅಮೆರಿಕದ ಉತ್ತರ ಕೆರೊಲಿನಾದ ಹ್ಯಾಟರಸ್ ಭೂಶಿರದಲ್ಲಿ ಪ್ರತಿ ನವೆಂಬರ್ ಕ್ಲಬ್ಬುಗಳ ನಡುವೆ ದೊಡ್ಡ ಪಂದ್ಯ ನಡೆಯುತ್ತದೆ. ಅಲ್ಲಿಯವರು ಕಾಯುವ ರೆಡ್ ಡ್ರಮ್ ಎಂಬ ಮೀನು ನಮ್ಮ ಕಲ್ಲೂರಿನ ದಾಯಾದಿ; ಅದರ ತಲೆಯೊಳಗೂ ನಮ್ಮದರ ಹಾಗೆ ಬಿಳಿ ಕಲ್ಲು ಇರುತ್ತದೆ. ಕುಮಟಾದವರು ಒಂದು ದೊಡ್ಡ ಮೀನು ಹಿಡಿದರು, ಉಳಿದ ಐವರು ಹರಟೆ ಹೊಡೆದರು. ನ್ಯಾಯ ಸರಿಯಾಗಿಯೇ ಇದೆ.

ಪ್ರಶ್ನೆ: ಅಕ್ಕಾ, ನಾವು ದಡದಲ್ಲಿ ಏಂಡಿ ಬಲೆ ಎಳೆಯುವವರು. ಕಳೆದ ವರ್ಷ ನಿಮ್ಮವರೊಬ್ಬರ ಗಾಳ ನಮ್ಮ ಬಲೆಗೆ ಸಿಕ್ಕಿತು. ಬಿಡಿಸಲು ಬಾರದೆ ಅವರು ಬಲೆಯನ್ನೇ ಕತ್ತರಿಸಿದರು. ಬಡವರಿಗೆ ಸಹಾಯವೆಂದು ಹೊರಟು ಬಡವರ ಬಲೆ ಕತ್ತರಿಸುವುದು ಯಾವ ಧರ್ಮ?
— ಒಬ್ಬ ಮೀನುಗಾರ ಯುವಕ, ಮಾಜಾಳಿ ಕಡೆಯವ

ತಮ್ಮಾ, ನಡೆದದ್ದು ನಿಜ. ನಾನು ಆ ಹೊತ್ತಿಗೆ ಮೇಜಿನ ಹತ್ತಿರ ಇದ್ದೆ, ಕೂಗು ಕೇಳಿ ಹೋಗುವಷ್ಟರಲ್ಲಿ ಚಾಕು ಆಡಿತ್ತು. ಹನ್ನೆರಡು ರೂಪಾಯಿಯ ಕೊಕ್ಕೆ ಉಳಿಸಲು ಒಬ್ಬರು ಎರಡು ಮೊಳ ಬಲೆ ಕತ್ತರಿಸಿದ್ದರು. ಹಗ್ಗ ಎಳೆದವನ ಮಗಳಾಗಿ ನನಗೆ ಅಂದು ಊಟ ಸೇರಲಿಲ್ಲ. ಬಲೆ ರಿಪೇರಿಯ ಖರ್ಚನ್ನು ಆ ತಂಡದವರು ತಮ್ಮ ಕಿಸೆಯಿಂದ ಕೊಟ್ಟರು. ರೋಗಿಗಳ ಹಣದಿಂದ ಒಂದು ಪೈಸೆ ತೆಗೆಯಲು ನಾನು ಬಿಡಲಿಲ್ಲ. ಆದರೆ ಕೊಟ್ಟದ್ದು ಬಲೆಯ ಬೆಲೆ ಮಾತ್ರ. ಕುಳಿತು ಹೊಲಿದ ನಿಮ್ಮ ಎರಡು ದಿನದ ಬೆಲೆಯನ್ನು ಯಾರೂ ಕೊಡಲಿಲ್ಲ. ಅದು ನಮ್ಮ ತಪ್ಪು, ಈ ಸಲದ ಸಭೆಯಲ್ಲಿ ಎತ್ತುತ್ತೇನೆ.

ಈ ವರ್ಷದಿಂದ ಕೆಲವು ಮಾತು ಗೊತ್ತುಮಾಡಿದ್ದೇವೆ. ಹಿಂದಿನ ಸಂಜೆ ನಿಮ್ಮ ಕೇರಿಗೆ ಬಂದು ಕೇಳುತ್ತೇವೆ, ನೀವು ಬಲೆ ಬಿಡುವ ದಿನ ನಾವು ಗಾಳ ಬಿಡುವುದಿಲ್ಲ. ಪಂದ್ಯದ ನಡುವೆ ಹಿಂಡು ಬಂದರೆ ಸೀಟಿ ಊದಿ ಎಲ್ಲರೂ ದಾರ ಸುತ್ತಿಕೊಳ್ಳಬೇಕು. ದಡ ಮೊದಲು ಹೊಟ್ಟೆಪಾಡಿನವರದು, ಆಮೇಲೆ ಹವ್ಯಾಸದವರದು. ಹಿಡಿದ ಮೀನನ್ನು ಪೇಟೆಯಲ್ಲಿ ಮಾರುವಂತಿಲ್ಲ, ನಿಮ್ಮ ಮನೆಯ ಹೆಂಗಸರ ಬುಟ್ಟಿಯ ಎದುರಿಗೆ ನಾವು ಬುಟ್ಟಿ ಇಡಬಾರದು. ಹರಿದ ನೈಲಾನ್ ದಾರ, ಬಿದ್ದ ಕೊಕ್ಕೆ ಒಂದೂ ಮರಳಿನಲ್ಲಿ ಉಳಿಯಬಾರದು. ಆ ದಾರ ಕೊಳೆಯುವುದಿಲ್ಲ, ಬರಿಗಾಲಿನಲ್ಲಿ ಹಗ್ಗ ಎಳೆಯುವವರು ನೀವು. ಪಂದ್ಯ ಮುಗಿದ ಮೇಲೆ ತಂಡಗಳು ಸಾಲಾಗಿ ನಡೆದು ದಡ ಹೆಕ್ಕುತ್ತವೆ, ಹೆಕ್ಕದ ತಂಡಕ್ಕೆ ಎರಡು ಅಂಕ ಹೆಚ್ಚಿಗೆ. ಹೆಚ್ಚು ಅಂಕವೆಂದರೆ ನಮ್ಮಲ್ಲಿ ಸೋಲು. ನಿಮ್ಮವರಲ್ಲಿ ಇಬ್ಬರು ತೀರ್ಪುಗಾರರಾಗಿ ಬಂದರೆ ನನ್ನ ಪಕ್ಕದ ಎರಡು ಕುರ್ಚಿ ಖಾಲಿ ಇವೆ. ಬಂದರೆ ಚಾಕುವಿನವರಿಗೂ ಸ್ವಲ್ಪ ಹೆದರಿಕೆ ಇರುತ್ತದೆ.

‘ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳು ಇಳಿಯುವುದಿಲ್ಲ, ದಡ ಖಾಲಿ, ಆಗ ಇಡೋಣ’ ಎಂದು ನಮ್ಮಲ್ಲೇ ಒಬ್ಬರು ಸೂಚಿಸಿದ್ದರು. ಜೂನ್ 1ರಿಂದ ಜುಲೈ 31ರವರೆಗಿನ ಆ 61 ದಿನಗಳ ನಿಷೇಧ ಇರುವುದೇ ಮೀನು ಮರಿ ಮಾಡಲಿ ಎಂದು. ಗಾಳಕ್ಕೆ ಆ ಕಾನೂನು ತಗಲುವುದಿಲ್ಲ ಎನ್ನುವುದು ವಕೀಲರ ಮಾತು. ಆಷಾಢದ ಸಮುದ್ರದ ಮುಂದೆ ಕೋಲು ಹಿಡಿದು ನಿಂತು ನೋಡಲಿ, ವಾದ ಅಲ್ಲೇ ಮುಗಿಯುತ್ತದೆ.

ಪ್ರಶ್ನೆ: ಡಿಸೆಂಬರಿನಿಂದ ನಮ್ಮ ಕಡೆಯ ದಡಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅದೇ ಹೊತ್ತಿಗೆ ನಿಮ್ಮ ಪಂದ್ಯ. ಹಿಡಿದು ಬಿಟ್ಟ ಮೀನಾದರೂ ಬದುಕುತ್ತದೆಯೇ?
— ಶಾಲಾ ಶಿಕ್ಷಕ, ಕಾಸರಕೋಡ, ಹೊನ್ನಾವರ

ಗುರುಗಳೇ, ನಿಮ್ಮ ಪತ್ರ ಬರುವವರೆಗೆ ಇದು ನನ್ನ ತಲೆಗೇ ಬಂದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಕಳೆದ ಸಲ ಸಂಜೆ ಎಂಟರವರೆಗೆ ತಲೆಗೆ ದೀಪ ಕಟ್ಟಿಕೊಂಡು ಆಡಿದ್ದೆವು. ಆಲಿವ್ ರಿಡ್ಲೆ ಆಮೆ ದಡ ಹತ್ತುವುದು ರಾತ್ರಿ, ಬೆಳಕು ಕಂಡರೆ ಮೊಟ್ಟೆಯಿಡದೆ ತಿರುಗಿ ಹೋಗುತ್ತದೆ. ಮರಿಗಳು ಬೆಳಕಿನ ಕಡೆ ತಪ್ಪು ದಾರಿ ಹಿಡಿಯುತ್ತವೆ. ಮೊಟ್ಟೆ ಒಡೆಯಲು ಏಳೆಂಟು ವಾರ ಬೇಕು, ಅಷ್ಟು ದಿನವೂ ಆ ಮರಳಿನ ಮೇಲೆ ಜೀಪು ಓಡಬಾರದು. 1972ರ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ಹುಲಿಯ ಸಾಲಿನದು. ಈ ವರ್ಷ ಸೂರ್ಯ ಮುಳುಗುವ ಮೊದಲೇ ಗಂಟೆ ಬಾರಿಸಿ ಮುಗಿಸುತ್ತೇವೆ, ಅರಣ್ಯ ಇಲಾಖೆಯವರು ಬೇಲಿ ಹಾಕಿದ ಗೂಡುಗಳ ಕಡೆ ಭಾಗವನ್ನೇ ಹಾಕುವುದಿಲ್ಲ. ವಾಹನ ರಸ್ತೆಯಲ್ಲೇ ನಿಲ್ಲುತ್ತದೆ. ನಿಮ್ಮ ಶಾಲೆಯ ಮಕ್ಕಳನ್ನು ಕರೆತಂದು ನಮ್ಮ ಮೇಲೆ ಕಣ್ಣಿಟ್ಟರೆ ಇನ್ನೂ ಒಳ್ಳೆಯದು.

ಮೀನು ಬದುಕುವುದು ಹಿಡಿದವನ ಕೈಯಲ್ಲಿದೆ. ಉಂಗುರದಂತೆ ಒಳಕ್ಕೆ ಬಾಗಿದ ಕೊಕ್ಕೆ ಬಳಸಿದರೆ ಅದು ಹೊಟ್ಟೆಗೆ ಇಳಿಯದೆ ಹೆಚ್ಚಾಗಿ ಬಾಯಿಯ ಮೂಲೆಗೆ ಸಿಕ್ಕುತ್ತದೆ. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬರುತ್ತದೆ, ಆ ಲೋಳೆಯೇ ಅದರ ರಕ್ಷೆ. ಬಿಸಿ ಮರಳಿನ ಮೇಲೆ ಎಳೆದು ತಂದರೆ ಅಂಕವಿಲ್ಲ. 15 ಸೆಂಟಿಮೀಟರಿಗಿಂತ ಚಿಕ್ಕದಕ್ಕೂ ಅಂಕವಿಲ್ಲ. ಆದರೂ ಬಿಟ್ಟವೆಲ್ಲ ಬದುಕುತ್ತವೆ ಎಂದು ನಾನು ಆಣೆ ಮಾಡಲಾರೆ. ಕೆಲವು ಸಾಯುತ್ತವೆ. ಕೊಕ್ಕೆ ನುಂಗಿದ್ದನ್ನು ಮನೆಗೆ ಒಯ್ದು ತಿನ್ನಿ ಎನ್ನುತ್ತೇನೆ, ಚಿತ್ರಕ್ಕಾಗಿ ನೀರಿಗೆ ಬಿಟ್ಟು ಕೈ ತೊಳೆದುಕೊಳ್ಳುವುದಕ್ಕಿಂತ ಅದು ಪ್ರಾಮಾಣಿಕ.

ಪ್ರಶ್ನೆ: ನಮ್ಮದು ಅಡಿಕೆ ತೋಟ, ಮನೆಯಲ್ಲಿ ಮೀನು ಮುಟ್ಟುವವರಿಲ್ಲ. ಆದರೆ ನಮ್ಮ ಅಣ್ಣ ಮಣಿಪಾಲಕ್ಕೆ ಚಿಕಿತ್ಸೆಗೆ ಓಡಾಡಿದ ಕಷ್ಟ ಕಂಡವನು ನಾನು. ನಮ್ಮಂಥವರು ಹೇಗೆ ಕೈ ಸೇರಿಸಬಹುದು?
— ‘ಘಟ್ಟದ ಮೇಲಿನವ’, ಶಿರಸಿ

ದೇವಿಮನೆ ಘಟ್ಟ ಇಳಿದು ಬನ್ನಿ. ಅಂಕ ಬರೆಯುವವರಿಗೆ ಮೀನು ತಿನ್ನಬೇಕೆಂಬ ನಿಯಮವಿಲ್ಲ, ನಿಜ ಹೇಳಬೇಕೆಂದರೆ ತಿನ್ನದವರೇ ವಾಸಿ, ಮೇಜಿನ ಮೇಲಿನ ಮೀನು ಮಾಯವಾಗುವುದಿಲ್ಲ. ಕಳೆದ ವರ್ಷ ನಿಮ್ಮೂರಿನ ಒಬ್ಬರು ಮುರುಗಲು ಪಾನಕದ ದೊಡ್ಡ ಪಾತ್ರೆ ತಂದಿದ್ದರು, ಬಿಸಿಲಿನಲ್ಲಿ ಮೂರು ತಂಡಗಳೂ ಜಗಳ ಮರೆತು ಅಲ್ಲಿ ಸಾಲು ನಿಂತವು. ಬರುವಾಗ ಒಂದು ಡಬ್ಬಿ ತೊಡೆದೇವು ತಂದರೆ ಬಹುಮಾನದ ಗೋಡಂಬಿ ಪೊಟ್ಟಣವನ್ನು ನಾವೇ ತಿಂದು ಅದನ್ನು ಬಹುಮಾನಕ್ಕೆ ಇಡುತ್ತೇವೆ. ಸೆಂಟಿಮೀಟರಿಗೆ ಒಂದು ರೂಪಾಯಿ ಎಂದು ಹೆಸರು ಬರೆಸಿದರೂ ಆಯಿತು. ನಿಮ್ಮ ಅಣ್ಣನವರು ಈಗ ಹೇಗಿದ್ದಾರೆ ಎಂದು ಬರೆಯಿರಿ.

ಪ್ರಶ್ನೆ: ನೀವು ಹೇಳುವುದೆಲ್ಲ ಸರಿ. ಹಿಂದೆ ಒಂದು ಸಂಸ್ಥೆಯವರು ಧರ್ಮಾರ್ಥ ಓಟ ಮಾಡಿಸಿ, ಬಂದ ಹಣವನ್ನು ಟೀ ಶರ್ಟಿಗೂ ಶಾಮಿಯಾನಕ್ಕೂ ಮುಗಿಸಿದ್ದನ್ನು ನೋಡಿದ್ದೇನೆ. ನಿಮ್ಮ ಹಣ ಎಲ್ಲಿದೆ?
— ‘ಸಂಶಯದವ’, ಕಾರವಾರ

ಸಂಶಯ ಇರಲೇಬೇಕು, ಸ್ವಾಮಿ. ಮನಿಯಾರ್ಡರ್ ಕಾಲದಲ್ಲಿ ಸಹಿಯಿಲ್ಲದೆ ಹತ್ತು ರೂಪಾಯಿ ಕೊಡದವಳು ನಾನು.

ಬಂದದ್ದು: ಶುಲ್ಕ 9,000, ಸೆಂಟಿಮೀಟರಿನ ಹಣ 30,488, ಇತರೆ 370. ಒಟ್ಟು 39,858 ರೂಪಾಯಿ. ಇತರೆ ಎಂದರೇನು ಎಂಬುದು ಕೊನೆಯ ಪ್ರಶ್ನೆಯಲ್ಲಿದೆ. ಟೀ ಶರ್ಟ್ ಇಲ್ಲ. ಶಾಮಿಯಾನ ಇಲ್ಲ, ಗಾಳಿಮರದ ನೆರಳು ಇದೆ. ಊಟ ಅವರವರ ಡಬ್ಬಿ. ಕೊಕ್ಕೆ, ಸೀಸ, ಅಳತೆಯ ಹಲಗೆ ತಂಡಗಳ ಖರ್ಚು. ಮುಖ್ಯ ಅತಿಥಿಗಳನ್ನು ಕರೆಯಲಿಲ್ಲವಾದ್ದರಿಂದ ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಬೇಕಾಗಲಿಲ್ಲ, ಇಬ್ಬರಿಗೆ ಬೇಸರವಾಯಿತು. ಹಣ ಬ್ಯಾಂಕಿನಲ್ಲಿದೆ, ತೆಗೆಯಲು ಬೇರೆ ಬೇರೆ ತಂಡದ ಇಬ್ಬರ ಸಹಿ ಬೇಕು. ಎದುರಾಳಿಗಳಾದ್ದರಿಂದ ಒಬ್ಬರನ್ನೊಬ್ಬರು ನಂಬುವುದಿಲ್ಲ, ಸ್ಪರ್ಧೆಯ ಒಂದು ದೊಡ್ಡ ಪ್ರಯೋಜನ ಇದು.

ಕೊಡುವುದು ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಬಸ್ ಅಥವಾ ರೈಲಿನ ಹಣ. ಕಾರವಾರದಿಂದ ಮಣಿಪಾಲಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು, ಕೆಲವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ, ಕೆಲವರು ಹುಬ್ಬಳ್ಳಿಗೆ. ಚಿಕಿತ್ಸೆಗೆ ಸರ್ಕಾರದ ಕಾರ್ಡು ಇದ್ದರೂ ದಾರಿಗೆ ಕಾರ್ಡಿಲ್ಲ. ಚೀಟಿ ತಂದು ತೋರಿಸಬೇಕು, ಅದನ್ನು ಪುಸ್ತಕಕ್ಕೆ ಅಂಟಿಸುತ್ತೇನೆ. ಈವರೆಗೆ ಹೋದದ್ದು 33,718, ಉಳಿದದ್ದು 6,140. ಪುಸ್ತಕ ನನ್ನ ಮನೆಯ ಜಗುಲಿಯಲ್ಲಿದೆ. ಸಂಜೆ ನಾಲ್ಕರ ಮೇಲೆ ಬಂದು ನೋಡಬಹುದು, ಚಹಾ ನನ್ನ ಸ್ವಂತ ಖರ್ಚಿನದು.

ಪ್ರಶ್ನೆ: ಪಂದ್ಯದ ದಿನವನ್ನು ಭಾನುವಾರ ನೋಡಿ ಗೊತ್ತುಮಾಡುತ್ತೀರೋ, ಉಬ್ಬರ ನೋಡಿಯೋ?
— ಅಭ್ಯರ್ಥಿ, ಗೋಕರ್ಣ

ಎರಡನ್ನೂ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಭಾನುವಾರ ಹೊತ್ತು ಹೊಂದದಿದ್ದರೆ ಮುಂದಿನ ಭಾನುವಾರ ನೋಡಿ, ಅಂದು ಉಬ್ಬರವಿದ್ದ ಹೊತ್ತಿಗೆ ಇಳಿತ ಇರುತ್ತದೆ. ಎರಡು ವಾರ ಕಳೆದರೆ ಮತ್ತೆ ಹೆಚ್ಚುಕಡಿಮೆ ಅದೇ ಹೊತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು. ಮದುವೆಯ ಮುಹೂರ್ತಕ್ಕಿಂತ ಇದು ಸುಲಭ.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಮೀನು ಯಾವಾಗಲೂ ತಪ್ಪಿಸಿಕೊಂಡದ್ದೇ ಆಗಿರುತ್ತದೆ. ಅದಕ್ಕೇನಾದರೂ ಬಹುಮಾನ ಇದೆಯೇ?
— ‘ದಾರ ಹರಿದವ’, ಬೇಲೆಕೇರಿ

ಬಹುಮಾನವಿಲ್ಲ, ದಂಡವಿದೆ. ಮೊದಲ ವರ್ಷ ನನ್ನ ಮೇಜಿನ ಮುಂದೆ ಮೀನಿಗಿಂತ ಕಥೆಗಳ ಸಾಲೇ ಉದ್ದವಾಯಿತು. ‘ಇಷ್ಟಿತ್ತು ಅಕ್ಕನವರೇ’ ಎಂದು ಎರಡೂ ಕೈ ಚಾಚಿ ನಿಂತರೆ ಹಿಂದಿನವನ ಮೀನು ಅಳೆಯುವುದು ಹೇಗೆ? ಅದಕ್ಕೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟೆ. ತಪ್ಪಿಸಿಕೊಂಡ ಮೀನಿನ ಕಥೆ ಹೇಳಬೇಕಾದರೆ ಮೊದಲು ಹತ್ತು ರೂಪಾಯಿ ಹಾಕಬೇಕು. ಎರಡೂ ಕೈ ಚಾಚಿದರೆ ಇಪ್ಪತ್ತು ಎಂದು ಯಾರೋ ಸೂಚಿಸಿದರು, ಬೇಡವೆಂದೆ, ಕಥೆ ಸೊರಗುತ್ತದೆ.

ಕಳೆದ ಸಲ ಡಬ್ಬಿಯಲ್ಲಿ 370 ರೂಪಾಯಿ ಇತ್ತು. ಅಂದರೆ ದಡಕ್ಕೆ ಬಂದದ್ದು 19 ಮೀನು, ತಪ್ಪಿಸಿಕೊಂಡದ್ದು 37. ಆ ಮೂವತ್ತೇಳರಲ್ಲಿ ನಾಲ್ಕು ಕಥೆ ಒಬ್ಬರದೇ, ಒಂದೇ ಮೀನಿನದು, ಪ್ರತಿ ಸಲವೂ ಅದು ಅರ್ಧ ಅಡಿ ಬೆಳೆದಿತ್ತು. ಹೆಸರು ಹೇಳುವುದಿಲ್ಲ, ಕುಮಟಾದವರು. ಮೊದಲ ಪತ್ರ ಬರೆದ ತಾಯಿ ಆ ನಲವತ್ತನ್ನೂ ಪೆಟ್ರೋಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.